‘ಒಲ್ಲೆ’ ಅನ್ನುವ ಕೂಸು: ಎರಡು ವರ್ಷದ ಮಗುವಿನ ಮನೆಗೊಂದು ಮಾರ್ಗದರ್ಶಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಎರಡು ವರ್ಷದ ಕೂಸಿನ ಬಾಯಲ್ಲಿ ದಿನವಿಡೀ ಬರುವ ಮಾತು ‘ಒಲ್ಲೆ’. ಉಣ್ಣು ಅಂದರೆ ಒಲ್ಲೆ, ಜಳಕ ಅಂದರೆ ಒಲ್ಲೆ, ಜಳಕ ಮುಗೀತು ಹೊರಗೆ ಬಾ ಅಂದರೆ ಅದಕ್ಕೂ ಒಲ್ಲೆ. ಎರಡನೆಯ ಮಾತು ‘ನಂದು’. ಇವೆರಡೂ ಬಂದವೆಂದರೆ ತಾನು ಬೇರೆ, ಅವ್ವ ಬೇರೆ ಅನ್ನುವುದು ಕೂಸಿಗೆ ತಿಳಿದಿದೆ ಎಂದರ್ಥ. ಬೇಕು-ಬೇಡಗಳು ಹುಟ್ಟಿವೆ, ಹೇಳಿಕೊಳ್ಳಲು ಸಾಕಷ್ಟು ಮಾತು ಬಂದಿಲ್ಲ, ಸಿಟ್ಟು ತಡೆಯುವ ಮೆದುಳಿನ ಭಾಗ ಬಲಿಯಲು ಇನ್ನೂ ಎಷ್ಟೋ ವರ್ಷ ಬೇಕು. ಈ ವಯಸ್ಸಿನ ಹಠವೆಲ್ಲ ಇಷ್ಟರಲ್ಲೇ ಇದೆ. ಹಾಗಾಗಿ ಕೂಸನ್ನು ತಿದ್ದಲು ಹೊರಡುವ ಮೊದಲು ಅದರ ದಿನಚರಿ, ಮನೆಯ ಸಾಮಾನು, ಮನೆಯ ದೊಡ್ಡವರು, ಈ ಮೂರನ್ನು ಸರಿಮಾಡಿಕೊಳ್ಳಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಮೊದಲು ಗಡಿಯಾರ

ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ರಚ್ಚೆ ಹಿಡಿಯಿತು, ಅದಕ್ಕೆ ಮೊದಲು ಉಂಡದ್ದು ಯಾವಾಗ, ಮಲಗಿದ್ದು ಯಾವಾಗ. ಹೆಚ್ಚಿನ ಮನೆಗಳಲ್ಲಿ ಅದು ಎರಡೇ ಹೊತ್ತಿಗೆ ಬೀಳುತ್ತದೆ: ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ, ಮತ್ತೆ ಸಂಜೆ ನಿದ್ದೆಗೆ ಮುಂಚೆ. ಒಂದು ಹಸಿವಿನದು, ಇನ್ನೊಂದು ದಣಿವಿನದು. ಇವಕ್ಕೆ ಬುದ್ಧಿಮಾತು ಮದ್ದಲ್ಲ.

ಈ ವಯಸ್ಸಿಗೆ ಹಗಲು-ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ ಬಿಸಿಲು 40 ಡಿಗ್ರಿ ದಾಟುವಾಗ ದಿನವನ್ನು ಹೀಗೆ ಕೂಡಿಸಿಕೊಳ್ಳಬಹುದು: ಬೆಳಿಗ್ಗೆ ಆರೂವರೆಗೆ ಎದ್ದ ಕೂಸನ್ನು ಒಂಬತ್ತರೊಳಗೆ ಹೊರಗಡೆ ದಣಿಯುವಷ್ಟು ಆಡಿಸಿ. ಹನ್ನೊಂದೂವರೆಗೆ ಊಟ. ಹನ್ನೆರಡೂವರೆಯಿಂದ ಎರಡು ಗಂಟೆ ನಿದ್ದೆ. ಮತ್ತೆ ಹೊರಗೆ ಬಿಡುವುದು ಬಿಸಿಲು ಇಳಿದ ಮೇಲೆ, ಐದೂವರೆಗೆ. ಏಳೂವರೆಗೆ ಊಟ, ಒಂಬತ್ತರೊಳಗೆ ಹಾಸಿಗೆ. ಮಧ್ಯಾಹ್ನದ ನಿದ್ದೆ ಮೂರೂವರೆ ದಾಟಿದರೆ ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚುವುದಿಲ್ಲ. ಕರೆಂಟು ಹೋಗುವ ಹೊತ್ತು ಗೊತ್ತಿದ್ದರೆ ಕಿಟಕಿಗೆ ಹಸಿ ಬಟ್ಟೆ ಕಟ್ಟಿ, ತೋಳಿಲ್ಲದ ತೆಳು ಹತ್ತಿ ಅಂಗಿಯಲ್ಲಿ ಮಲಗಿಸಿ.

ಸಂತೆ, ಮದುವೆ, ಜಾತ್ರೆ ಏನೇ ಇರಲಿ, ಕೂಸು ಉಂಡು ಮಲಗಿ ಎದ್ದ ಮೇಲೆ ಹೊರಡಿ. ಕೊಪ್ಪಳದ ಗವಿಮಠದ ಜಾತ್ರೆಯಂಥ ಗದ್ದಲಕ್ಕೆ ಹೋಗುವಾಗ ಫೋನ್ ನಂಬರನ್ನು ಕೂಸಿನ ತೋಳಿನ ಮೇಲೆ ಪೆನ್ನಿನಿಂದ ಬರೆಯಿರಿ. ಚೀಟಿಯನ್ನು ಜೇಬಿನಲ್ಲಿಟ್ಟರೆ ಅದು ಬಾಯಿಗೆ ಹೋಗುತ್ತದೆ.

ರಚ್ಚೆ ಹಿಡಿದಾಗ

ನೆಲಕ್ಕೆ ಬಿದ್ದು ಹೊರಳಾಡುವಾಗ ಮೊದಲು ನೋಡಬೇಕಾದದ್ದು ಜಾಗ. ಒಲೆ, ಮೆಟ್ಟಿಲು, ಕಲ್ಲಿನ ಕಟ್ಟೆಯ ಅಂಚು ಹತ್ತಿರವಿದ್ದರೆ ಎತ್ತಿ ಬೇರೆಡೆ ಇಡಿ. ಆಮೇಲೆ ನೀವೂ ಅದರ ಕಣ್ಣಿನ ಮಟ್ಟಕ್ಕೆ ಕೂತು ಒಂದೇ ಮಾತು ಹೇಳಿ: “ಬಿಸ್ಕಿಟ್ ಬೇಕಿತ್ತು, ಸಿಟ್ ಬಂತು.” ಅಷ್ಟು ಸಾಕು. ಆ ಹೊತ್ತಿನಲ್ಲಿ ಎರಡನೆಯ ವಾಕ್ಯ ಅದರ ಕಿವಿಗೆ ಹೋಗುವುದಿಲ್ಲ.

ಆಮೇಲೆ ಕಾಯುವುದು. ಎಲ್ಲಕ್ಕಿಂತ ಕಷ್ಟದ ಭಾಗ ಇದೇ. ಹತ್ತಿರ ಇರಿ, ಆದರೆ ದಿಟ್ಟಿಸಬೇಡಿ, ನಗಬೇಡಿ, ವಿಡಿಯೋ ಮಾಡಬೇಡಿ. ಒಬ್ಬರೇ ಇರಲಿ. ಅಜ್ಜಿ, ಚಿಗವ್ವ, ಪಕ್ಕದ ಮನೆಯವರು ಒಬ್ಬೊಬ್ಬರಾಗಿ ಬಂದು “ಯಾಕವ್ವ, ಯಾರ್ ಬೈದ್ರು?” ಎಂದು ಕೇಳುತ್ತ ಹೋದರೆ ಆರುತ್ತಿದ್ದ ಬೆಂಕಿಗೆ ಮತ್ತೆ ಗಾಳಿ ಹಾಕಿದಂತೆ. ಹೊಡೆಯಲು ಬಂದರೆ ಮಣಿಕಟ್ಟು ಮೆಲ್ಲಗೆ ಹಿಡಿದು “ಹೊಡಿಯೋದಿಲ್ಲ” ಎನ್ನಿ. ನೀವು ತಿರುಗಿ ಹೊಡೆದರೆ ದೊಡ್ಡವರು ಹೊಡೆಯಬಹುದು ಎಂಬ ಪಾಠ ಮಾತ್ರ ಉಳಿಯುತ್ತದೆ. ಅಳುವಿನ ದನಿ ಒಂದು ಹಂತದಲ್ಲಿ ಬದಲಾಗುತ್ತದೆ, ಸಿಟ್ಟು ಇಳಿದು ದುಃಖವಾಗುತ್ತದೆ. ಆಗ ನೀರು ಕೊಟ್ಟು ತೊಡೆಯ ಮೇಲೆ ತೆಗೆದುಕೊಳ್ಳಿ. ಆಮೇಲೆ ಬೇರೆ ಕೆಲಸಕ್ಕೆ ಹೋಗಿ. ತಪ್ಪಾಯ್ತು ಅನ್ನಿಸುವ ಶಾಸ್ತ್ರ ಎರಡು ವರ್ಷಕ್ಕೆ ದೊಡ್ಡದಾಯಿತು.

ಇದೆಲ್ಲ ಮಾಡಿಯೂ ಕೆಲಸ ಕೆಡುವುದು ಒಂದೇ ಕಡೆ: ಹತ್ತು ನಿಮಿಷ ಅತ್ತ ಮೇಲೆ, ತಲೆ ಚಿಟ್ಟು ಹಿಡಿದು ಬಿಸ್ಕಿಟ್ ಕೊಟ್ಟುಬಿಡುವುದು. ಹತ್ತು ನಿಮಿಷ ಅತ್ತರೆ ಸಿಗುತ್ತದೆ ಎಂದು ಕೂಸು ಕಲಿಯಿತು, ನಾಳೆ ಹನ್ನೆರಡು ನಿಮಿಷ ಅಳುತ್ತದೆ. ದಿನಾ ಕೊಡುವುದಕ್ಕಿಂತ ಒಮ್ಮೆ ಕೊಟ್ಟು ಒಮ್ಮೆ ಬಿಡುವುದು ಹಠವನ್ನು ಹೆಚ್ಚು ಗಟ್ಟಿ ಮಾಡುತ್ತದೆ. ಕೊಡುವುದೇ ಆದರೆ ಅಳು ಶುರುವಾಗುವ ಮುಂಚೆ ಕೊಡಿ.

ಕೂಡು ಮನೆಯಲ್ಲಿ ಇದು ಅವ್ವ-ಅಪ್ಪ ಇಬ್ಬರ ಕೈಯಲ್ಲೇ ಇರುವುದಿಲ್ಲ. ರಾತ್ರಿ ಕೂಸು ಮಲಗಿದ ಮೇಲೆ ಮನೆಯವರೆಲ್ಲ ಕೂತು ನಾಲ್ಕೇ ನಾಲ್ಕು ‘ಇಲ್ಲ’ಗಳನ್ನು ಒಪ್ಪಿಕೊಳ್ಳಿ: ಒಲೆ ಹತ್ತಿರ ಇಲ್ಲ, ರಸ್ತೆಗೆ ಒಬ್ಬನೇ ಇಲ್ಲ, ಹೊಡೆಯುವುದು-ಕಚ್ಚುವುದು ಇಲ್ಲ, ಊಟದ ಹೊತ್ತಿಗೆ ಫೋನ್ ಇಲ್ಲ. ಇವುಗಳಲ್ಲಿ ಅಜ್ಜನೂ ಸಡಿಲ ಬಿಡಬಾರದು. ಉಳಿದದ್ದರಲ್ಲಿ ಅಜ್ಜಿಗೆ ಪೂರ್ತಿ ಅಧಿಕಾರ ಕೊಡಿ. ಇಪ್ಪತ್ತು ನಿಯಮ ಮಾಡಿದ ಮನೆಯಲ್ಲಿ ಒಂದೂ ಉಳಿಯುವುದಿಲ್ಲ.

ಹಠ ಬರುವ ಮುಂಚೆಯೇ ತಪ್ಪಿಸುವ ಮಾತಿನ ರೀತಿಗಳೂ ಇವೆ. “ಅಂಗಿ ಹಾಕ್ಕೊಂತಿ ಏನು?” ಎಂದು ಕೇಳಿದರೆ ಉತ್ತರ ಒಲ್ಲೆ. “ಕೆಂಪಂಗಿನೋ, ಹಳದಿನೋ?” ಎಂದರೆ ಯಾವುದಾದರೂ ಒಂದು. “ಓಡಬ್ಯಾಡ” ಎಂದರೆ ಓಡುವುದಷ್ಟೇ ಕೇಳಿಸುತ್ತದೆ, “ನನ್ ಕೈ ಹಿಡ್ಕೊ” ಅನ್ನಿ. ಆಟ ನಿಲ್ಲಿಸಬೇಕಾದಾಗ ‘ಇನ್ನೈದು ನಿಮಿಷ’ ಅರ್ಥವಾಗದು, “ಇನ್ನೆರಡು ಸಲ ಜಾರು, ಆಮ್ಯಾಲೆ ಮನಿ” ಅರ್ಥವಾಗುತ್ತದೆ. ಗುಮ್ಮ ಬರ್ತಾನ, ಪೊಲೀಸ್ ಹಿಡ್ಕೊಂಡ್ ಹೋಗ್ತಾನ, ಡಾಕ್ಟ್ರು ಸೂಜಿ ಮಾಡ್ತಾರ ಎಂಬ ಹೆದರಿಕೆಗಳ ಬೆಲೆಯನ್ನು ಮುಂದೆ ಜ್ವರ ಬಂದ ದಿನ ದವಾಖಾನೆಯ ಬಾಗಿಲಲ್ಲಿ ತೆರಬೇಕಾಗುತ್ತದೆ.

ಕೆಲವು ಕೂಸುಗಳು ಅಳುತ್ತ ಅಳುತ್ತ ಉಸಿರು ಕಟ್ಟಿ ನೀಲಿಯಾಗಿ, ಕ್ಷಣಕಾಲ ಎಚ್ಚರ ತಪ್ಪುತ್ತವೆ. ನೋಡಿದವರ ಜೀವ ಹೋಗುತ್ತದೆ, ಆದರೆ ಒಂದು ನಿಮಿಷದೊಳಗೆ ಉಸಿರು ತಾನಾಗಿಯೇ ಮರಳುತ್ತದೆ. ಪಕ್ಕಕ್ಕೆ ಮಲಗಿಸಿ. ಅಲುಗಾಡಿಸುವುದು, ಮುಖಕ್ಕೆ ನೀರೆರಚುವುದು, ಕೈಯಲ್ಲಿ ಕಬ್ಬಿಣದ ಕೀಲಿ ಹಿಡಿಸುವುದು, ಈರುಳ್ಳಿ ಮೂಸಿಸುವುದು ಯಾವುದೂ ಬೇಡ. ಮೊದಲ ಸಲ ಆದಾಗ ಡಾಕ್ಟರಿಗೆ ತೋರಿಸಿ ರಕ್ತದ ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣಾಂಶ ಕಡಿಮೆ ಇದ್ದವರಲ್ಲಿ ಇದು ಹೆಚ್ಚು, ಅದನ್ನು ತುಂಬಿದರೆ ಎಷ್ಟೋ ಸಲ ನಿಲ್ಲುತ್ತದೆ. ಅಳದೆಯೇ ಹೀಗಾದರೆ, ಅಥವಾ ಒಂದು ನಿಮಿಷ ಮೀರಿದರೆ ಕಾಯುತ್ತ ಕೂರಬೇಡಿ.

ಊಟದ ಯುದ್ಧ

“ಏನೂ ತಿನ್ನಂಗಿಲ್ಲ” ಎಂಬ ದೂರಿನ ಹಿಂದೆ ಒಂದು ಲೆಕ್ಕವಿದೆ. ಮೊದಲ ವರ್ಷದಲ್ಲಿ ಮೂರು ಪಟ್ಟಾಗುವ ತೂಕ ಎರಡರಿಂದ ಮೂರನೆಯ ವರ್ಷಕ್ಕೆ ಹೋಗುವಾಗ ಏರುವುದು ಸುಮಾರು ಎರಡು ಕಿಲೋ ಮಾತ್ರ. ಬೆಳವಣಿಗೆ ನಿಧಾನವಾದಂತೆ ಹಸಿವೂ ತಗ್ಗುತ್ತದೆ. ಹೊಟ್ಟೆ ಚಿಕ್ಕದು, ಹಾಗಾಗಿ ಮೂರು ಊಟ, ನಡುವೆ ಎರಡು ತಿಂಡಿ. ಒಂದು ಊಟಕ್ಕೆ 250 ಮಿಲಿಲೀಟರಿನ ಬಟ್ಟಲಿನ ಮುಕ್ಕಾಲು ಭಾಗ ಸಾಕು.

ನಮ್ಮ ಕಡೆ ಊಟದಲ್ಲಿ ಕೂಸಿಗೆ ಬೇಕಾದುದೆಲ್ಲ ಇದೆ, ಖಾರ ಒಂದು ಅಡ್ಡ. ಒಗ್ಗರಣೆಗೆ ಖಾರ ಬೀಳುವ ಮುಂಚೆ ಕೂಸಿನ ಪಾಲು ತೆಗೆದಿಡಿ. ಅರ್ಧ ಬಿಸಿ ಜೋಳದ ರೊಟ್ಟಿಯನ್ನು ಸಣ್ಣಗೆ ಮುರಿದು, ಗಟ್ಟಿ ಹೆಸರುಬೇಳೆಯಲ್ಲಿ ಹತ್ತು ನಿಮಿಷ ನೆನೆಸಿ, ಒಂದು ಟೀ ಚಮಚ ತುಪ್ಪ ಹಾಕಿ ಕಿವುಚಿ. ಜೋಳದ ನುಚ್ಚಿಗೆ ಮೊಸರು ಕಲಸಿ. ದಿನಕ್ಕೊಂದು ಮೊಟ್ಟೆ, ತಿನ್ನುವ ಮನೆಯಾದರೆ. ತಿಳಿ ಸಾರು ಅನ್ನದಿಂದ ಹೊಟ್ಟೆ ತುಂಬಿದಂತೆ ಕಾಣುತ್ತದೆ, ಶಕ್ತಿ ಸಿಗುವುದಿಲ್ಲ. ಮುದ್ದಿಪಲ್ಯದ ಬೇಳೆ-ಸೊಪ್ಪು ಅದಕ್ಕಿಂತ ಎಷ್ಟೋ ಮೇಲು.

ಹಸಿವು ಕೊಲ್ಲುವವು ಮೂರು. ಹಾಲು ದಿನಕ್ಕೆ 400ರಿಂದ 500 ಮಿಲಿಲೀಟರ್ ದಾಟಬಾರದು. ಬಾಟಲಿಯಲ್ಲಿ ಒಂದು ಲೀಟರ್ ಕುಡಿಯುವ ಕೂಸಿಗೆ ಊಟಕ್ಕೆ ಜಾಗವೇ ಇರದು, ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ ಇರುವುದರಿಂದ ರಕ್ತಹೀನತೆಯೂ ಬರುತ್ತದೆ. ಎರಡನೆಯದು ಸಾಸರಿನಲ್ಲಿ ಬಿಸ್ಕಿಟ್ ಅದ್ದಿ ಕೊಡುವ ಚಹಾ, ಇದು ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಮೂರನೆಯದು ಕಿರಾಣಿ ಅಂಗಡಿಯ ಐದು ರೂಪಾಯಿ ಪ್ಯಾಕೆಟ್ಟು.

ಉಣಿಸುವ ಕ್ರಮ ಹೀಗೆ: ಎಲ್ಲರ ಜೊತೆ ನೆಲದ ಮೇಲೆ ಕೂರಿಸಿ, ಸ್ವಲ್ಪವೇ ಬಡಿಸಿ, ಒಂದು ತುತ್ತು ಅದರ ಕೈಯಲ್ಲೂ ಕೊಡಿ. ಅರ್ಧ ಚೆಲ್ಲುತ್ತದೆ, ಕೆಳಗೆ ಹಳೆ ಬಟ್ಟೆ ಹಾಸಿರಿ. ಇಪ್ಪತ್ತೈದು-ಮೂವತ್ತು ನಿಮಿಷಕ್ಕೆ ತಟ್ಟೆ ತೆಗೆಯಿರಿ, ಬೈಗುಳವಿಲ್ಲದೆ. ಮುಂದಿನ ತಿಂಡಿಯವರೆಗೆ, ಅಂದರೆ ಎರಡೂವರೆ ಗಂಟೆ, ನೀರು ಮಾತ್ರ. ಅರ್ಧ ಗಂಟೆಗೇ ಕರಗಿ ಬಿಸ್ಕಿಟ್ ಕೊಟ್ಟರೆ ಊಟ ಬಿಟ್ಟದ್ದಕ್ಕೆ ಇನಾಮು ಕೊಟ್ಟಂತೆ. ಹೊಸ ಪಲ್ಯವನ್ನು ಹತ್ತು ಸಲವಾದರೂ ತಟ್ಟೆಯಲ್ಲಿ ಕಂಡ ಮೇಲೆ ಬಾಯಿಗಿಟ್ಟರೆ ಅದೇ ಲಾಭ. ಮೂಗು ಹಿಡಿದು ತುರುಕುವುದು, ಫೋನ್ ತೋರಿಸುತ್ತ ಬಾಯಿಗೆ ಹಾಕುವುದು ಎರಡೂ ಹೊಟ್ಟೆ ತುಂಬಿದೆ ಎಂಬ ಸೂಚನೆಯನ್ನು ಕೂಸೇ ಗುರುತಿಸದಂತೆ ಮಾಡುತ್ತವೆ.

ನಿಜಕ್ಕೂ ಕಡಿಮೆಯಾಯಿತೇ ಎಂದು ತಿಳಿಯಲು ಅಕ್ಕಪಕ್ಕದ ಕೂಸಿನ ಜೊತೆ ಹೋಲಿಸಬೇಡಿ, ಅಂಗನವಾಡಿಯಲ್ಲಿ ತೂಕ ನೋಡಿಸಿ. ಅಲ್ಲಿಯ ತೋಳಿನ ಪಟ್ಟಿ 12.5 ಸೆಂಟಿಮೀಟರಿಗಿಂತ ಮೇಲಿದ್ದರೆ ಹಸಿರು, 11.5ಕ್ಕಿಂತ ಕೆಳಗೆ ಕೆಂಪು. ಕೆಂಪು ಅಂದರೆ ಆ ದಿನವೇ ದವಾಖಾನೆ. ಗೋಡೆಯ ಸುಣ್ಣ, ಮಣ್ಣು, ಬಳಪ ತಿನ್ನುವ ಕೂಸಿಗೆ ರಕ್ತಹೀನತೆಯ ಪರೀಕ್ಷೆ ಬೇಕು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪು ವಾರಕ್ಕೆ ಎರಡು ಸಲ, ಒಂದೊಂದು ಮಿಲಿಲೀಟರ್. ಮಲ ಕಪ್ಪಾದರೆ ಗಾಬರಿ ಬೇಡ. ಜಂತುಹುಳದ ಅಲ್ಬೆಂಡಜೋಲ್ 400 ಮಿಲಿಗ್ರಾಂ ಗುಳಿಗೆ ಒಂದರಿಂದ ಎರಡು ವರ್ಷದವರೆಗೆ ಅರ್ಧ, ಎರಡು ತುಂಬಿದ ಮೇಲೆ ಪೂರ್ತಿ. ಅರ್ಧವಾಗಲಿ ಪೂರ್ತಿಯಾಗಲಿ, ಗುಳಿಗೆಯನ್ನು ಪುಡಿಮಾಡಿ ನೀರಲ್ಲಿ ಕಲಸಿಯೇ ಕೊಡಬೇಕು, ಇಡಿಯಾಗಿ ಕೊಟ್ಟರೆ ಗಂಟಲಲ್ಲಿ ಸಿಗುತ್ತದೆ.

ಗಂಟಲಿನ ಮಾತು ಬಂದಾಗ ಶೇಂಗಾ. ನಮ್ಮ ಸೀಮೆಯಲ್ಲಿ ಶೇಂಗಾ ಇಲ್ಲದ ಮನೆಯಿಲ್ಲ, ಆದರೆ ಇಡೀ ಕಾಳು, ಹುರಿಗಡಲೆ, ಬಟಾಣಿಯನ್ನು ನಾಲ್ಕು ವರ್ಷದವರೆಗೆ ಕೊಡಬಾರದು. ಅರೆಯುವ ಹಲ್ಲು ಪೂರ್ತಿ ಬಂದಿರುವುದಿಲ್ಲ, ನಗುತ್ತ ಓಡುತ್ತ ತಿನ್ನುವಾಗ ಕಾಳು ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ಖಾರವಿಲ್ಲದೆ ನುಣ್ಣಗೆ ಕುಟ್ಟಿದ ಶೇಂಗಾ ಪುಡಿ ಕೊಡಿ. ಸಿಕ್ಕಿಕೊಂಡಾಗ ಕೂಸು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮು, ದನಿ ಎರಡೂ ನಿಂತರೆ ಮುಂದಕ್ಕೆ ಬಗ್ಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಬಲವಾದ ಏಟು. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗೂ ಎದೆಗೂಡಿಗೂ ನಡುವೆ ಮುಷ್ಟಿಯಿಟ್ಟು ಒಳಕ್ಕೆ-ಮೇಲಕ್ಕೆ ಐದು ಸಲ ಒತ್ತಿ. ಹೊರಬರುವವರೆಗೆ ಇವೆರಡನ್ನೂ ಒಂದರ ಮೇಲೊಂದು ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ ಕಾಳಿಗಾಗಿ ಬಾಯೊಳಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ತಿನ್ನುತ್ತಿದ್ದಾಗ ಒಮ್ಮೆ ಉಸಿರು ಕಟ್ಟಿದಂತಾಗಿ, ಆಮೇಲೆ ವಾರಗಟ್ಟಲೆ ಕೆಮ್ಮು ಬಿಡದಿದ್ದರೆ ಆ ಘಟನೆಯನ್ನು ಡಾಕ್ಟರಿಗೆ ಹೇಳಲೇಬೇಕು.

ಎದೆಹಾಲು ಬಿಡಿಸುವುದಿದ್ದರೆ ಬೇವಿನ ರಸ, ಮೆಣಸಿನಕಾಯಿ ಹಚ್ಚುವ ಪದ್ಧತಿ ಬಿಡಿ. ಹಗಲಿನ ಒಂದು ಸಲದ ಹಾಲನ್ನು ಮೊದಲು ತಪ್ಪಿಸಿ, ಆ ಹೊತ್ತಿಗೆ ತಿಂಡಿ ಅಥವಾ ಆಟ ಇಡಿ. ನಾಲ್ಕೈದು ದಿನ ಬಿಟ್ಟು ಇನ್ನೊಂದು. ಮಲಗುವ ಮುಂಚಿನದು ಕೊನೆಗೆ. ಒಮ್ಮೆಲೇ ನಿಲ್ಲಿಸಿದರೆ ತಾಯಿಗೆ ಎದೆ ಬಾವು, ಕೂಸಿಗೆ ದಿಗಿಲು.

ಶೌಚ ಕಲಿಸುವುದು

ವಯಸ್ಸಿಗಿಂತ ಲಕ್ಷಣ ನೋಡಿ: ಚಡ್ಡಿ ಎರಡು ಗಂಟೆ ಒಣಗಿರುತ್ತದೆ, ಆದದ್ದನ್ನು ಬಂದು ಹೇಳುತ್ತದೆ, ಚಡ್ಡಿ ಎಳೆಯಲು ಬರುತ್ತದೆ, ಮೂಲೆಗೆ ಹೋಗಿ ಕುಕ್ಕರಗಾಲಲ್ಲಿ ಕೂರುತ್ತದೆ. ಇವಿದ್ದರೆ ಶುರು ಮಾಡಿ. ಬೇಸಿಗೆ ಒಳ್ಳೆಯ ಕಾಲ, ಬಟ್ಟೆ ಒಂದು ಗಂಟೆಯಲ್ಲಿ ಒಣಗುತ್ತದೆ. ಒಗೆಯಲು ನೀರು ಸಿಗಬೇಕಷ್ಟೆ.

1. ಮೊದಲ ವಾರ ಚಿಕ್ಕ ಪಾಟಿಯನ್ನು (ಕೂಸು ಶೌಚಕ್ಕೆ ಕೂರುವ ಪುಟ್ಟ ಕಮೋಡು) ದಿನಾ ಒಂದೇ ಜಾಗದಲ್ಲಿಟ್ಟು ಬಟ್ಟೆ ಸಮೇತ ಕೂರಿಸಿ ಅಭ್ಯಾಸ ಮಾಡಿಸಿ. ಮನೆಯ ದೊಡ್ಡ ಕಮೋಡಾದರೆ ಕಾಲಿಗೆ ಮಣೆ ಬೇಕು. ಕಾಲು ನೇತಾಡಿದರೆ ಮುಕ್ಕಲು ಆಗುವುದಿಲ್ಲ.
2. ಆಮೇಲೆ ಎದ್ದ ಕೂಡಲೇ, ಊಟವಾದ ಹದಿನೈದು ನಿಮಿಷಕ್ಕೆ, ಮಲಗುವ ಮುಂಚೆ ಬರಿಮೈಯಲ್ಲಿ ಕೂರಿಸಿ. ಮೂರರಿಂದ ಐದು ನಿಮಿಷ, ಅದಕ್ಕಿಂತ ಹೆಚ್ಚಲ್ಲ.
3. ಆದರೆ ಒಂದು ಮೆಚ್ಚುಗೆ, ಆಗದಿದ್ದರೆ ಸುಮ್ಮನೆ ಎಬ್ಬಿಸಿ. ಚಡ್ಡಿಯಲ್ಲೇ ಆದರೆ ಮುಖ ಸಿಂಡರಿಸದೆ ಒರೆಸಿ.

ಕೆಡುವುದು ಮಲಬದ್ಧತೆಯಿಂದ. ಒಮ್ಮೆ ಗಟ್ಟಿಯಾಗಿ ನೋವಾದರೆ ಕೂಸು ಹೆದರಿ ಬಿಗಿಹಿಡಿಯುತ್ತದೆ, ತಡೆದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ಕಾಲು ಹೆಣೆದು ತುದಿಗಾಲಲ್ಲಿ ನಿಂತು ಮುಖ ಕೆಂಪಾಗಿಸುವುದು ಮುಕ್ಕುವುದಲ್ಲ, ತಡೆಯುವುದು. ಪಾಟಿ ಎರಡು ವಾರ ಬದಿಗಿಡಿ. ಹಾಲು ಕಡಿಮೆ ಮಾಡಿ, ನೀರು, ಪೇರಲ, ಪಪ್ಪಾಯಿ, ಸೊಪ್ಪು ಹೆಚ್ಚಿಸಿ. ಆದರೂ ಸಡಿಲವಾಗದಿದ್ದರೆ ಡಾಕ್ಟರು ಕೊಡುವ ಸಿರಪ್ಪು ವಾರಗಳ ಕಾಲ ಬೇಕಾಗಬಹುದು, ನಾಲ್ಕು ದಿನಕ್ಕೆ ನಿಲ್ಲಿಸಬೇಡಿ. ರಾತ್ರಿ ಹಾಸಿಗೆ ಒದ್ದೆಯಾಗುವುದಕ್ಕೆ ಈ ವಯಸ್ಸಿನಲ್ಲಿ ಏನೂ ಮಾಡಬೇಕಿಲ್ಲ.

ಮನೆಯೊಳಗಿನ ಅಪಾಯ

ನಳ ದಿನಾ ಬರದ ಊರುಗಳಲ್ಲಿ ಡ್ರಮ್ಮು, ಹೌದು (ನೀರಿನ ತೊಟ್ಟಿ), ಸಂಪು ಸದಾ ತುಂಬಿರುತ್ತವೆ. ಈ ವಯಸ್ಸಿನ ಕೂಸಿನ ತಲೆ ಮೈಯ ಅಳತೆಗೆ ಹೋಲಿಸಿದರೆ ಭಾರ, ಬಗ್ಗಿ ಬಿದ್ದರೆ ಮೇಲೇಳಲು ಬಾರದು, ಅರ್ಧ ಬಕೆಟ್ ನೀರೂ ಸಾಕು. ಸದ್ದೂ ಆಗುವುದಿಲ್ಲ. ಸಂಪಿನ ಮುಚ್ಚಳಕ್ಕೆ ಚಿಲಕ, ಡ್ರಮ್ಮಿಗೆ ಮುಚ್ಚಳ ಮತ್ತು ಮೇಲೊಂದು ಕಲ್ಲು, ಬಕೆಟ್ ಬೋರಲು. ಮಾಳಿಗೆ ಮನೆಯ ಬೆಳಕಿಂಡಿಗೆ ಕಬ್ಬಿಣದ ಜಾಳಿಗೆ ಹಾಕಿಸದೆ ಬೇಸಿಗೆ ರಾತ್ರಿ ಕೂಸನ್ನು ಮೇಲೆ ಮಲಗಿಸಬೇಡಿ.

ಹತ್ತಿ, ಭತ್ತ, ಮೆಣಸಿನಕಾಯಿಯ ಹೊಲದವರು ಉಳಿದ ಎಣ್ಣೆ-ಔಷಧಿಯನ್ನು, ಅಂದರೆ ಕೀಟನಾಶಕವನ್ನು, ನೀರಿನ ಬಾಟಲಿಗೆ ಸುರಿದಿಡುವ ರೂಢಿ ತೀರಾ ಕೆಟ್ಟದ್ದು. ಅದು ಅದರ ಡಬ್ಬಿಯಲ್ಲೇ, ಬೀಗದೊಳಗೇ ಇರಲಿ. ಕುಡಿದ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸೀಮೆಎಣ್ಣೆ, ಥಿನ್ನರು ಆಗಿದ್ದರಂತೂ ವಾಂತಿಯಲ್ಲಿ ಪುಪ್ಪಸಕ್ಕೆ ಹೋಗಿ ಹೆಚ್ಚು ಕೆಡುಕಾಗುತ್ತದೆ. ಡಬ್ಬಿಯನ್ನೂ ಹಿಡಿದು ದವಾಖಾನೆಗೆ ಓಡಿ, ಹೆಸರು ಗೊತ್ತಾದರೆ ಚಿಕಿತ್ಸೆ ಬೇಗ ಸಿಗುತ್ತದೆ. ಚೇಳು ಕಡಿದಾಗಲೂ ಕಟ್ಟುವುದು, ಕೊಯ್ಯುವುದು ಬೇಡ. ಮೈ ಬೆವರಿ ಕೈಕಾಲು ತಣ್ಣಗಾಗಿ ವಾಂತಿಯಾಗುತ್ತಿದ್ದರೆ ವಿಷ ಹೃದಯಕ್ಕೆ ತಾಗುತ್ತಿದೆ ಎಂದರ್ಥ.

ರೊಟ್ಟಿ ಬಡಿಯುವ ಹೊತ್ತು ಕೂಸು ಒಲೆಗೆ ಅಂಟಿಕೊಳ್ಳುವ ಹೊತ್ತೂ ಹೌದು. ಮೂರು ಮಾರು ದೂರದಲ್ಲಿ ಒಂದು ತಟ್ಟೆ, ನಿಂಬೆಹಣ್ಣಿನಷ್ಟು ಜೋಳದ ಹಿಟ್ಟಿನ ಮುದ್ದೆ ಕೊಟ್ಟರೆ ಅದೂ ಅಲ್ಲೇ ಬಡಿಯುತ್ತ ಕೂರುತ್ತದೆ. ಫೋನಿಗಿಂತ ಇದು ಅಗ್ಗ. ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆಯೊಳಗೆ, ಜೊತೆಗೆ ಕೂತು.

ಬೇಸಿಗೆಯ ಭೇದಿ, ಜ್ವರ

ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ, ದೊಡ್ಡದಾದರೆ ಪೂರ್ತಿ ಒಂದು ಲೀಟರಿನಲ್ಲಿ ಕರಗಿಸಿ. ಲೋಟಕ್ಕಿಷ್ಟು ಪುಡಿ ಎಂದು ಅಂದಾಜಿನಲ್ಲಿ ಹಾಕಿದರೆ ಉಪ್ಪು ಹೆಚ್ಚಾಗಿ ಅಪಾಯ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಕೂಸಿಗೆ 50ರಿಂದ 100, ಮೇಲ್ಪಟ್ಟವರಿಗೆ 100ರಿಂದ 200 ಮಿಲಿಲೀಟರ್, ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಜೊತೆಗೆ ಜಿಂಕ್ ದಿನಕ್ಕೊಮ್ಮೆ 20 ಮಿಲಿಗ್ರಾಂ, ಭೇದಿ ನಿಂತರೂ 14 ದಿನ. ಊಟ ನಿಲ್ಲಿಸಬೇಡಿ. ಆರು ಗಂಟೆ ಮೂತ್ರವಿಲ್ಲ, ಕಣ್ಣು ಗುಳಿಬಿದ್ದಿದೆ, ಮಲದಲ್ಲಿ ರಕ್ತ, ಕುಡಿಯಲಾರದಷ್ಟು ಮಂಕು, ಇದರಲ್ಲಿ ಒಂದಿದ್ದರೂ ಮನೆಮದ್ದು ಮುಗಿಯಿತು.

ಪ್ಯಾರಾಸಿಟಮಾಲ್ ಸಿರಪ್ಪು ಅಂಗಡಿಯಲ್ಲಿ ಹೆಚ್ಚಾಗಿ ಎರಡು ಗಾಢತೆಯಲ್ಲಿ ಸಿಗುತ್ತದೆ: 5 ಮಿಲಿಲೀಟರಿಗೆ 125 ಮಿಲಿಗ್ರಾಂ, 5 ಮಿಲಿಲೀಟರಿಗೆ 250. ತೂಕದ ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ 12 ಕಿಲೋ ಕೂಸಿಗೆ ಮೊದಲನೆಯದು ಸುಮಾರು 7 ಮಿಲಿಲೀಟರ್, ಎರಡನೆಯದು ಮೂರೂವರೆ. ಹಳೆ ಚೀಟಿಯ ಅಳತೆಯನ್ನು ಹೊಸ ಬಾಟಲಿಗೆ ಹಾಕಿದರೆ ಎರಡು ಪಟ್ಟು ಔಷಧಿ ಹೋಗಬಹುದು. ಬಾಟಲಿ ಓದಿ ಅಳೆಯಿರಿ.

ಮಾತು

ಬಳ್ಳಾರಿ, ರಾಯಚೂರಿನ ಓಣಿಗಳಲ್ಲಿ ಕೂಸಿನ ಕಿವಿಗೆ ಕನ್ನಡ, ತೆಲುಗು, ಉರ್ದು ಮೂರೂ ಬೀಳುತ್ತವೆ. ಅವ್ವನ ಹತ್ತಿರ ‘ನೀರು’, ಅಮ್ಮಮ್ಮನ ಹತ್ತಿರ ‘ನೀಳ್ಳು’, ಪಕ್ಕದ ಮನೆಯಲ್ಲಿ ‘ಪಾನಿ’ ಅನ್ನುವುದು ಗೊಂದಲವಲ್ಲ, ಅದರಿಂದ ಮಾತು ತಡವಾಗುವುದೂ ಇಲ್ಲ. ಎಣಿಸುವಾಗ ಎಲ್ಲ ಭಾಷೆಯ ಪದಗಳನ್ನೂ ಸೇರಿಸಿ ಎಣಿಸಿ. ಎರಡು ತುಂಬುವ ಹೊತ್ತಿಗೆ ಸುಮಾರು 50 ಪದ, ‘ಅಪ್ಪ ಬಂದ’, ‘ಹಾಲು ಬ್ಯಾಡ’ ಥರದ ಜೋಡಿ ಮಾತು ಇರಬೇಕು. ಅವಿಲ್ಲದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬೇಕಾದುದನ್ನು ಬೆರಳು ಮಾಡಿ ತೋರಿಸದಿದ್ದರೆ, ಇದ್ದ ಮಾತು ಬಿಟ್ಟುಹೋಗಿದ್ದರೆ “ಅವರಪ್ಪನೂ ತಡವಾಗೇ ಮಾತಾಡಿದ್ದ” ಎಂದು ಕಾಯಬೇಡಿ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ, ಮೊದಲು ಕಿವಿಯ ಪರೀಕ್ಷೆ ಮಾಡಿಸಲು ಕೇಳಿ. ಬಾಗಿಲು ಬಡಿದ ಸದ್ದಿಗೆ ತಿರುಗುವ ಕೂಸಿಗೂ ಮಾತಿನ ಸಣ್ಣ ದನಿಗಳು ಕೇಳಿಸದೆ ಇರಬಹುದು.